ಅದೇ ಸುತಿ

'ಹೆಗ್ಗಣ' ಬ್ಯಾಂಡಿನ ಚರಿತ್ರೆ ಬೇಕೆಂದು
ಮೊನ್ನೆ ಒಬ್ಬ ಹುಡುಗ ಬಂದಿದ್ದ ನನ್ನ ಅಂಗಡಿಗೆ.
ಯಾವ ಇಸವಿ, ಯಾವ ಪ್ರಕಾರ, ಯಾರ ಪ್ರಭಾವ
ಎಂದು ಪೆನ್ನು ಬಿಚ್ಚಿ ಕೂತ.
ನಾನು ಬೆಸುಗೆ ಹಾಕುತ್ತಿದ್ದೆ. ಹೊಗೆ
ಅವನ ಕಡೆಗೇ ಹೋಗುತ್ತಿತ್ತು.

ಬರ್ಕೊ, ಅಂದೆ.

ಮಂಡಿ ಮೊಹಲ್ಲಾದ ಒಂದು ಊದಿನಕಡ್ಡಿ ಕಾರ್ಖಾನೆ.
ಮೇಲೆ ಮೂವತ್ತು ಹೆಂಗಸರು ಹೊಸೆಯುತ್ತಿದ್ದರು,
ಕೆಳಗೆ, ಜಿಗಟು ಪುಡಿ ಮೂಟೆಗಳ ನೆಲಮಾಳಿಗೆಯಲ್ಲಿ ಇವರು.
ಹೆಸರಿಟ್ಟಿದ್ದು ಕಾರ್ಖಾನೆ ಯಜಮಾನರು,
ಬೈಯುತ್ತ.

ಡೆನ್ಜಿಲ್, ರೈಲ್ವೆ ವರ್ಕ್‌ಶಾಪಿನ ಫಿಟ್ಟರ್ ಮಗ.
ಅವರಪ್ಪನ ಗ್ರಾಮಫೋನ್ ತಟ್ಟೆಗಳ ತುಂಬ
ಕುದುರೆ, ಜೈಲು, ಅಮ್ಮ, ವಿಸ್ಕಿ, ತಪ್ಪಿಹೋದ ರೈಲು.
ಗಿಟಾರು ಮೂಗಿನಲ್ಲಿ ಅಳುತ್ತಿತ್ತು.
ಕಡ್ಡಿ ಹೊಸೆಯುವ ಸಣ್ಣತಾಯಿ ಊಟದ ಬಿಡುವಿನಲ್ಲಿ
ಮೆಟ್ಟಿಲ ಮೇಲೆ ಕೂತು ಕೇಳಿ ಅಂದಳು:
'ಇದು ನಮ್ಮೂರ್ದೇ ಕಣಣ್ಣ.
ಕುದ್ರೆ ಬದ್ಲು ಎತ್ತು, ರೈಲ್ ಬದ್ಲು ಗಾಡಿ.
ಹೆಂಡ ಹೆಂಡವೇ. ಅವ್ವ ಅವ್ವನೇ.'
ಆಮೇಲೆ ಹಾಡಿದಳು, ನರಸೀಪುರದ ಕಡೆಯ ಬೀಸೋ ಪದ,
ರಾಗಿಕಲ್ಲು ತಿರುಗಿದಷ್ಟೇ ನಿಧಾನ.

ಅಫ್ರೋಜ್‌ಗೆ ಅದು ಸಾಲದು.
ಸ್ಕೂಟರ್ ಮೆಕ್ಯಾನಿಕ್ಕು. ಬೊಂಬಾಯಿಯಿಂದ ಬಂದ
ಲೇಬಲ್ಲಿಲ್ಲದ ಕ್ಯಾಸೆಟ್ಟು ಜೇಬಿನಲ್ಲೇ, ತಾಯತದ ಹಾಗೆ.
'ಮೂರು ಸ್ವರ ಸಾಕು. ಆದರೆ ಹಿಂದೆ
ನಾಯಿ ಅಟ್ಟಿಸಿಕೊಂಡು ಬಂದಂತೆ ನುಡಿಸಬೇಕು.'
ಕರಿಸಿದ್ದ ನಕ್ಕ. 'ಹೆಣದ ಮುಂದೆ ನಮ್ತಾತ
ಹಿಂಗೇ ಬಡೀತಿದ್ದ' ಎಂದು ತಮಟೆ ಕಾಯಿಸಲು
ಅಲ್ಲೇ ಹುಲ್ಲಿಗೆ ಕಡ್ಡಿ ಗೀರಿದ.
ಊದಿನಕಡ್ಡಿ ಗೋದಾಮಿನಲ್ಲಿ!
ಯಜಮಾನರು ಮೆಟ್ಟಿಲ ಮೇಲೆ ಕುಣಿದಾಡಿಬಿಟ್ಟರು.
ಹೆಗ್ಗಣಕ್ಕೆ ಕುಣಿದ ಮೊದಲ ಪ್ರೇಕ್ಷಕ ಅವರು, ಅದನ್ನೂ ಬರ್ಕೊ.

ನಾನಾ? ನಾನು ಆಂಪ್ಲಿಫೈಯರ್.
ಸತ್ತ ವಾಲ್ವ್ ರೇಡಿಯೋದ ಹೊಟ್ಟೆ, ಮುಚ್ಚಿದ ಟೂರಿಂಗ್ ಟಾಕೀಸಿನ ಸ್ಪೀಕರು.
ಗುಂಯ್ ಅನ್ನುತ್ತಿತ್ತು.
ಆ ಕಟ್ಟಡಕ್ಕೇ ಅರ್ಥಿಂಗ್ ಇರಲಿಲ್ಲ.
ಕೆಪಾಸಿಟರ್ ಬದಲಿಸಿದೆ, ತಂತಿ ಬದಲಿಸಿದೆ,
ಹಿತ್ತಲು ಅಗೆದು ಉಪ್ಪು ಇದ್ದಿಲು ತುಂಬಿ ನೀರು ಹೊಯ್ದೆ.
ಗುಂಯ್.
ಹದಿನೈದನೇ ದಿನ ಸಣ್ಣತಾಯಿ
'ಬುಡಣ್ಣ, ಅದೇ ಸುತಿ' ಎಂದು
ಆ ಗುಂಯ್‌ಗೆ ಗಂಟಲು ಕೂಡಿಸಿದಳು.
ಡೆನ್ಜಿಲ್ ತಂತಿ ಇಳಿಸಿದ, ಅಫ್ರೋಜ್ ಇಳಿಸಿದ.
ಬೀದಿಗೊಂದು ತಂಬೂರಿ ಇರುವ ಊರಿದು.
ಅವರ ತಂಬೂರಿ ನನ್ನ ತಪ್ಪು.

ಒಟ್ಟು ಹನ್ನೊಂದು ಸಲ ನುಡಿಸಿದ್ದು. ಕಛೇರಿ ಅನ್ನಬೇಡ.
ಹಾಸ್ಟೆಲ್ ತಾರಸಿಯಲ್ಲಿ ಒಮ್ಮೆ, ವಾರ್ಡನ್ ಬರುವವರೆಗೆ.
ಮಂಡ್ಯದ ಲಾರಿ ಸ್ಟ್ಯಾಂಡಿನಲ್ಲಿ ಒಮ್ಮೆ,
ಕಬ್ಬಿನ ಲೋಡಿನವರು ಜಲ್ಲೆ ಎಸೆದರು,
ಸಿಟ್ಟಿಗೋ ಮೆಚ್ಚಿಗೋ ತಿಳಿಯಲಿಲ್ಲ.
ತಿಂದೆವು.

ಕೊನೆಯದು ನೆಲಮಾಳಿಗೆಯಲ್ಲೇ.
'ಸಾವಿರಕ್ಕೆಷ್ಟು' ಅಂತ ಒಂದೂವರೆ ನಿಮಿಷದ ಹಾಡು,
ಸಾವಿರ ಕಡ್ಡಿ ಹೊಸೆದರೆ ಎಷ್ಟು ಕೊಡುತ್ತೀರಿ, ಅಷ್ಟೇ ಸಾಹಿತ್ಯ.
ಎರಡನೇ ಸುತ್ತಿಗೆ ಮೇಲಿನ ಮೂವತ್ತು ಹೆಂಗಸರು
ಮಣೆ ಎತ್ತಿ ನೆಲಕ್ಕೆ ಕುಟ್ಟತೊಡಗಿದರು.
ನಮ್ಮ ತಲೆ ಮೇಲೆ ಗಾರೆ ಉದುರಿತು.
ಕರಿಸಿದ್ದ ತಮಟೆ ನಿಲ್ಲಿಸಿ, ಬಾಯಿ ಬಿಟ್ಟು ಮೇಲೆ ನೋಡುತ್ತಿದ್ದ.

ಮರುದಿನ ಬೀಗ. ಸಣ್ಣತಾಯಿಯ ಹೆಸರು ಹಾಜರಿಯಲ್ಲಿಲ್ಲ.

ನಿಂತಿದ್ದು ಅದಕ್ಕೇ ಅಂತ ಬರೀಬೇಡ. ಆಮೇಲೂ ಎರಡು ತಿಂಗಳು
ನನ್ನ ಅಂಗಡಿ ಹಿಂದೆ ಕೂಡಿದ್ದೆವು. ಇಲ್ಲಿ ಅರ್ಥಿಂಗ್ ಸರಿ ಇತ್ತು.
ಡೆನ್ಜಿಲ್ ಪೆರಂಬೂರಿಗೆ ಹೋದ. ಅಫ್ರೋಜ್‌ಗೆ ಬೆನ್ನುನೋವು.
ಕರಿಸಿದ್ದನ ತಮಟೆಗೆ ಬಿಡುವಿಲ್ಲ, ಜನ ಸಾಯುತ್ತಲೇ ಇರುತ್ತಾರಲ್ಲ.
ಅವಳು ಎಲ್ಲಿದ್ದಾಳೆ ಗೊತ್ತು. ಹೇಳಬೇಡ ಅಂದಿದ್ದಾಳೆ.

'ಕ್ಯಾಸೆಟ್ಟು ಉಳಿದಿದೆಯಾ ಸರ್?'
ಅಟ್ಟದಿಂದ ಆಂಪ್ಲಿಫೈಯರ್ ಇಳಿಸಿ, ಜೇಡರಬಲೆ ಒರೆಸಿ,
ಅರ್ಥ್ ತಂತಿ ಕಿತ್ತು, ಸ್ವಿಚ್ಚು ಹಾಕಿದೆ.
ವಾಲ್ವ್ ಕಾಯಲು ಹೊತ್ತು ಬೇಕು.
ಕಾದೆವು.
ಗುಂಯ್.

ಹುಡುಗ ಪೆನ್ನು ಹಿಡಿದೇ ಇದ್ದ,
ಅದಕ್ಕೆ ಯಾವ ಅಕ್ಷರ ಎಂದು.