ಹಿಂದಡಿ

ಅತ್ತೆ ಮಣ್ಣು ತಿಂದು ನೋಡುತ್ತಿದ್ದಳು.
ಚಿಟಿಕೆಯಷ್ಟು, ನಾಲಗೆಯ ತುದಿಗೆ.
ಹುಳಿಯಾದರೆ ಉಗಿದು ಮುಂದಿನ ಗುಡ್ಡಕ್ಕೆ.
ಸಿಹಿಯಾದರೆ ಅಲ್ಲೇ ಕುಕ್ಕರಗಾಲಲ್ಲಿ ಕೂತು,
"ಸುಣ್ಣ ಇದೆ, ಶೋ ನೆಂಗ್, ಇಲ್ಲೇ ಕಡಿ."

ಜೋಳದ ನೆರಳಿಗೆ ಗಸಗಸೆ ಚೆಲ್ಲುವುದು.
ಹೆಚ್ಚಾದ ಸಸಿ ಕಿತ್ತು ಸೊಪ್ಪಿನ ಸಾರು.
ಮಕ್ಕಳೂ ಉಂಡೆವು, ಯಾರಿಗೂ ಅಮಲೇರಲಿಲ್ಲ.

ಹೂವಿನ ಬಗ್ಗೆ ಕೇಳಬೇಡಿ.
ಲಾವೋಸಿಗೆ ಕ್ಯಾಮರಾ ತಂದವರೆಲ್ಲ
ಹೂವನ್ನೇ ಕೇಳುತ್ತಾರೆ.
ಹೂ ಎರಡು ದಿನ.
ಉದುರಿದರೆ ಎಸಳು ಆಯ್ದು ಒಣಗಿಸುತ್ತೇವೆ,
ಅಂಟು ಸುತ್ತಿಡಲು.

ಕೆಲಸ ಇರುವುದು ಕಾಯಿಯಲ್ಲಿ.
ಮೂರು ಅಲಗಿನ ಹಿತ್ತಾಳೆ ಚಾಕು,
ಅಲಗಿಗೂ ಅಲಗಿಗೂ ನಡುವೆ ಒಂದು ಅಕ್ಕಿಕಾಳು.
ಆಳಕ್ಕಿಳಿದರೆ ಹಾಲು ಒಳಗೇ ಸೋರಿ ಬೀಜ ಕೆಡುತ್ತದೆ,
ತೇಲಿಸಿದರೆ ಬರುವುದೇ ಇಲ್ಲ.
ಮದುವೆಯಾದ ಮೊದಲ ಚಳಿಗೆ
ನನ್ನ ಕೈ ಹಿಡಿದು ಅತ್ತೆ ಗೀರಿಸಿದಳು:
"ಮಗುವಿನ ಬೆನ್ನು ತುರಿಸಿದ ಹಾಗೆ. ಅಷ್ಟೇ."

ಮತ್ತೆ, ಹಿಂದಡಿ.
ಮುಂದೆ ನಡೆದರೆ ನೂರು ನೆರಿಗೆಯ ಲಂಗ
ಒಸರುವ ಕಾಯಿಗೆ ಸವರಿ ಎಲ್ಲ ಒರೆಸಿಹೋಗುತ್ತದೆ.
ಗೀರುತ್ತ, ಗೀರುತ್ತ
ಹಿಮ್ಮಡಿಯಲ್ಲಿ ಇಳಿಜಾರು ತಡವುತ್ತ
ಹಿಂದೆ ಹಿಂದೆ ಸರಿಯಬೇಕು.
ನನಗೆ ಕಾಣುವುದು ಮುಗಿದದ್ದು ಮಾತ್ರ.
ಬೆನ್ನಿಗೆ ಕಟ್ಟಿದ ಮಗಳು
ನನಗಿಂತ ಒಂದು ಗೇಣು ಮೊದಲೇ
ಮುಂದಿನ ಸಾಲು ಮುಟ್ಟುತ್ತಿದ್ದಳು.

ಬೆಳಗಿಗೆ ಹಾಲು ಕಂದು. ಕೆರೆದು ಉಂಡೆ.
ಮಾವನ ಕೆಮ್ಮಿಗೆಂದು ಒಂದು ಉಂಡೆ ಎತ್ತಿಟ್ಟೆವು.
ಕೆಮ್ಮು ಹೋಯಿತು,
ಉಂಡೆ ಎತ್ತಿಡುವುದು ಹೋಗಲಿಲ್ಲ.
ಕುದುರೆ ಹೋಯಿತು.
ನನ್ನ ಬೆಳ್ಳಿ ಕಂಠಿಯ ಐದು ಸುತ್ತಿನಲ್ಲಿ ಮೂರು ಹೋದವು.
ಚಾಪೆಯ ಮೇಲೆ ಮಗ್ಗುಲಾಗಿ, ದೀಪದತ್ತ ಮುಖ,
ಮಾವ ಒಳ್ಳೆಯ ಮನುಷ್ಯನಾಗಿಯೇ ಉಳಿದ.
ಅದೇ ಕಷ್ಟವಾದದ್ದು.

ಕೊನೆಗೆ ಕೆಳನಾಡಿನ ಹುಡುಗರು ಬಂದರು
ಬಿದಿರು ಕೋಲು ಹಿಡಿದು, ಸಮವಸ್ತ್ರದಲ್ಲಿ.
ಬೀಸುತ್ತ ಬೀಸುತ್ತ ಮುಂದೆ ಮುಂದೆ ನಡೆದರು.
ಅರ್ಧ ದಿನ ಸಾಕಾಯಿತು.
ಒಬ್ಬನ ಪ್ಯಾಂಟು ಮೊಣಕಾಲವರೆಗೂ ಹಾಲು,
ತೊಳೆಯಲು ನೀರು ಕೇಳಿದ.
ಕೊಟ್ಟೆ. ಸಣ್ಣವನು, ಮೀಸೆ ಇನ್ನೂ ಬಂದಿರಲಿಲ್ಲ.

ಈಗ ಕಾಫಿ.
ಸಾಹೇಬ ಕಾಗದದ ಚೂರು ಮಣ್ಣುನೀರಿಗೆ ಅದ್ದಿ
ಬಣ್ಣ ನೋಡಿ ಮೂತಿ ಸೊಟ್ಟ ಮಾಡಿದ:
ಈ ಗಿಡಕ್ಕೆ ಹುಳಿ ಬೇಕಂತೆ.
ಕಣ್ಣು ಮಂಜಾದ ಅತ್ತೆ ಬಾಗಿಲಲ್ಲಿ ಕೂತೇ ಚಿಟಿಕೆ ತರಿಸಿದಳು,
ಬಾಯಿ ಚಪ್ಪರಿಸಿದಳು,
ಏನೂ ಹೇಳಲಿಲ್ಲ.

ನಾಲ್ಕನೆಯ ವರ್ಷಕ್ಕೆ ಮೂರು ಬುಟ್ಟಿ ಹಣ್ಣು.
ಅಂದು ಬೆನ್ನ ಮೇಲಿದ್ದವಳು
ಇಂದು ಪಕ್ಕದ ಸಾಲಲ್ಲಿ ಬಿಡಿಸುತ್ತ ನಗುತ್ತಾಳೆ:
"ಯಾಕಮ್ಮ ಹಿಂದೆ ಹಿಂದೆ ಹೋಗುತ್ತೀ?
ಇದೇನೂ ಅಂಟುವುದಿಲ್ಲ."