ಹಲ್ಲಿನ ಲಕೋಟೆ

ಟ್ಯಾಮರಾಕ್ ಬೆಂಡ್ ಊರಿನ ಪೆಟ್ರೋಲ್ ಬಂಕಿನಲ್ಲಿ
ಕಾಫಿ, ಗಾಳದ ಎರೆಹುಳು, ಲಾಟರಿ ಚೀಟಿಯ ಜೊತೆಗೆ
ಸತ್ತ ಕರಡಿಗಳ ಲೆಕ್ಕವೂ ನನ್ನದೇ.
ಮಿನ್ನೆಸೋಟ ಸರ್ಕಾರದ ಫಾರಂ, ಸೆಪ್ಟೆಂಬರ್ ತಿಂಗಳು.
ಗಂಡೋ ಹೆಣ್ಣೋ, ಎಲ್ಲಿ, ಯಾವಾಗ,
ವಯಸ್ಸು ತಿಳಿಯಲು ಒಂದು ಪುಟ್ಟ ಹಲ್ಲು.
ಲಕೋಟೆಯ ಅಂಟನ್ನು ನಾಲಗೆಯಲ್ಲಿ ಒದ್ದೆಮಾಡಿ ಮುಚ್ಚಬೇಕು.
ಮೊದಲ ವರ್ಷ ಆಮೇಲೆ ಬಾಯಿ ಮುಕ್ಕಳಿಸುತ್ತಿದ್ದೆ.

ನಿನ್ನೆ ಮುಸ್ಸಂಜೆ ಆರ್ಲೊ ಟ್ವೈಟ್ ಬಂದ.
ಟ್ರಕ್ಕಿನ ಹಿಂದೆ ನೀಲಿ ಟಾರ್ಪಾಲು,
ಅದರಾಚೆಗೆ ಚಾಚಿಕೊಂಡ ಒಂದು ಅಂಗಾಲು,
ನಮ್ಮದರ ಹಾಗೇ ಗೆರೆ ಬಿದ್ದದ್ದು.
'ಸುಲಭ ಆಯ್ತು' ಅಂದ. ಹೆಮ್ಮೆ ಇರಲಿಲ್ಲ ದನಿಯಲ್ಲಿ.
ಟೋಪಿ ತೆಗೆದು ಮತ್ತೆ ಹಾಕಿಕೊಂಡ.
'ಬೇಕಂತಲೇ ಕೆಮ್ಮಿದೆ. ಓಡಲಿ ಅಂತ.
ಓಡಿದ್ದರೆ ಬಿಡುತ್ತಿದ್ದೆನೋ ಏನೋ.
ಅದು ನಿಂತು ನನ್ನ ಕೈ ನೋಡಿತು.
ಮುಖ ಅಲ್ಲ. ಕೈ.'

ಎಡಗಿವಿಯ ತುದಿ ಹರಿದಿದೆಯೇ ಎಂದು ನಾನು ಕೇಳಲಿಲ್ಲ.

ಮೇ ತಿಂಗಳಿಂದ ಬಂಕಿನ ಹಿಂಬಾಗಿಲಿಗೆ ಬರುತ್ತಿದ್ದಳು.
ಡಬ್ಬದ ಮುಚ್ಚಳ ಸದ್ದಾದರೆ ಸಾಕು,
ಪೊದೆ ಸೀಳಿಕೊಂಡು ಬಂದು ಕೂರುತ್ತಿದ್ದಳು, ಮದುವೆಮನೆಯ ಪಂಕ್ತಿಗೆ ಕೂತ ಹಾಗೆ.
ಹುರಿದ ಶೇಂಗಾ, ಉಪ್ಪಿಲ್ಲದ್ದು.
ಅವಳ ಕೆಳತುಟಿ ನನ್ನ ಅಂಗೈಯನ್ನು ಹುಡುಕುವಾಗ
ಲೋಕದಲ್ಲಿ ನಾನೊಬ್ಬಳೇ ಒಳ್ಳೆಯವಳು ಅನ್ನಿಸುತ್ತಿತ್ತು.

ಕೊರಳಲ್ಲಿ ರೇಡಿಯೊ ಪಟ್ಟಿ ಇತ್ತು, ಕಿತ್ತಳೆ ರಿಬ್ಬನ್ನು.
ಕಟ್ಟಿದವಳು ಸಂಶೋಧಕಿ ಇಂಗ್ರಿಡ್ ಸೋಲಿ.
'ಪಟ್ಟಿ ಇದ್ದರೆ ದಯವಿಟ್ಟು ಬಿಟ್ಟುಬಿಡಿ' ಎಂದು
ಬಂಕಿನ ಗಾಜಿಗೆ ನೋಟೀಸು ಅಂಟಿಸಿದ್ದಳು.
ದಯವಿಟ್ಟು ಎಂಬ ಮಾತು ಕಾನೂನಿನಲ್ಲಿಲ್ಲ.
'ರಿಬ್ಬನ್ನು ಕೂದಲೊಳಗೆ ಹೂತಿತ್ತು' ಅಂದ ಆರ್ಲೊ,
'ಕಂಡಿದ್ದರೂ...' ಅಂದು ನಿಲ್ಲಿಸಿದ.

ಸಂಡೂರಿನಲ್ಲಿ, ನನಗೆ ಐದು ವರ್ಷ.
ರಾತ್ರಿಯೆಲ್ಲ ಬೆಚ್ಚಿಬೀಳುತ್ತಿದ್ದೆನಂತೆ.
ಮೂಗುದಾರದ ಕರಡಿ ತಂದವನಿಗೆ ಎಂಟಾಣೆ ಕೊಟ್ಟು
ನಮ್ಮಮ್ಮ ಎರಡೆಳೆ ಕೂದಲು ಕೀಳಿಸಿದಳು,
ತಾಯಿತದೊಳಗಿಟ್ಟು ಕೊರಳಿಗೆ ಕಟ್ಟಿದಳು.
ಭಯ ಬಿಟ್ಟಿತು. ನಿಜಕ್ಕೂ.
ಕರಡಿಗೆ ನಮ್ಮ ಭಯ ಬಿಡಿಸಲು ಏನು ಕಟ್ಟಬೇಕು?
ಆಗ ಯಾರೂ ಕೇಳಲಿಲ್ಲ.
ಇಂಗ್ರಿಡ್ ಒಂದು ಕಟ್ಟಿದಳು. ನಾನು ಇನ್ನೊಂದು,
ಕಣ್ಣಿಗೆ ಕಾಣದ್ದು.

'ನೀನೇ ಹೇಳು' ಅಂದ, ಕೌಂಟರಿಗೆ ಮೊಣಕೈ ಊರಿ.
'ದಟ್ಟ ಕಾಡಿನ ಕರಡಿಗೆ ಎರಡು ವಾರ
ಹಳೇ ಡೋನಟ್ ಸುರಿದು ಮರ ಹತ್ತಿ ಕಾಯ್ತೀನಿ.
ಅದೂ ನಂಬಿಯೇ ತಾನೇ ಬರೋದು?
ಇದಕ್ಕಾದರೆ ಮಾತ್ರ ಯಾಕೆ ಹೊಟ್ಟೆ ಕಲಕಬೇಕು?'
ನನ್ನಲ್ಲಿ ಉತ್ತರ ಇರಲಿಲ್ಲ.
ಆ ಡೋನಟ್ ಡ್ರಮ್ಮನ್ನು ಅವನಿಗೆ ಮಾರಿದವಳೂ ನಾನೇ,
ಹನ್ನೆರಡು ಡಾಲರಿಗೆ, ರಸೀದಿ ಸಮೇತ.

ನಂಬಿಸಿ ಕುತ್ತಿಗೆ ಕೊಯ್ದರು ಅನ್ನುತ್ತಾರೆ ನಮ್ಮ ಕಡೆ.
ಎರಡನ್ನೂ ಮಾಡುವವನು ಒಬ್ಬನೇ ಎಂದುಕೊಂಡಿದ್ದೆ.
ಟ್ಯಾಮರಾಕ್ ಬೆಂಡಿನಲ್ಲಿ ಕೆಲಸ ಹಂಚಿಕೊಂಡಿದ್ದೇವೆ.
ಕೊಯ್ದವನಿಗೆ ಲೈಸೆನ್ಸ್ ಬೇಕು, ಪರೀಕ್ಷೆ ಪಾಸಾಗಬೇಕು,
ಗುಂಡಿಗೆ, ಗಳಿಗೆಗೆ, ಗಡಿಗೆ ನಿಯಮವಿದೆ.
ನಂಬಿಸುವವರಿಗೆ ಏನೂ ಬೇಡ.
ಒಂದು ಡಬ್ಬ, ಒಂದು ಹಿಂಬಾಗಿಲು.

ಫಾರಮ್ಮಿನ ಏಳನೆಯ ಸಾಲು: ಆಮಿಷ ಬಳಸಲಾಗಿದೆಯೇ?
'ಡೋನಟ್ ಕಡೆ ತಿರುಗಿಯೂ ನೋಡಲಿಲ್ಲ' ಅಂದ.
ಹೌದು ಎಂದು ಗುರುತು ಹಾಕಿದೆ.
ಯಾವುದು ಎಂಬಲ್ಲಿ ಶೇಂಗಾ ಎಂದು ಬರೆದೆ.
ಆರ್ಲೊ ಓದಿದ, ಹುಬ್ಬು ಗಂಟಿಕ್ಕಿದ, ಏನೂ ಕೇಳಲಿಲ್ಲ.
ಸಹಿ ಹಾಕಿ ಪೆನ್ನು ಹಿಂದಿರುಗಿಸಿದ.
ಹಲ್ಲು ಕೊಟ್ಟ, ಟಿಶ್ಯೂ ಕಾಗದದಲ್ಲಿ ಸುತ್ತಿ.

ಹೊರಡುವಾಗ ಬಾಗಿಲಲ್ಲಿ ನಿಂತು, ಮಾಂಸ ಸ್ವಲ್ಪ ಕಳಿಸಲಾ ಎಂದ.
ನಾನು ತಿನ್ನುವುದಿಲ್ಲ ಅಂದೆ.
ಈ ಮಾತನ್ನು ಇಪ್ಪತ್ತು ವರ್ಷ ಹೇಳಿದ್ದೇನೆ,
ಪ್ರತಿ ಸಲವೂ ಕೈ ಎಷ್ಟು ಹಗುರ ಇರುತ್ತಿತ್ತು.