ನಾಲ್ಕನೇ ನಮೂನಿ

ಕೌಲ್ ಬಜಾರಿನ ನಮ್ಮ ಜೀನ್ಸ್ ಕಾರ್ಖಾನಿಗೆ
ಮಾಲು ಕೊಳ್ಳೋ ಕಂಪನಿಯಿಂದ ಮೇಡಮ್ಮೊಬ್ಬರು ಬಂದು
ನಲವತ್ತು ಪ್ರಶ್ನೆಯ ಹಾಳಿ ಹಂಚಿದರು.
ಮದುವಿಮನಿ ಗದ್ದಲ ಇಷ್ಟವೋ, ಮಾಳಿಗಿ ಮ್ಯಾಲಿನ ಕತ್ತಲಿ ಇಷ್ಟವೋ,
ಜಗಳ ನಡದಲ್ಲಿ ನಿಲ್ಲುತ್ತೀರೋ, ದಾಟಿ ಹೋಗುತ್ತೀರೋ.
ಸೀಸಕಡ್ಡಿಲೆ ಗೀಟು ಎಳೆದೆ.
ಸಂಜಿಗೆ ಗೊತ್ತಾಯಿತು: ಮನುಷ್ಯಾರು ಐದು ನಮೂನಿ,
ನಾನು ನಾಲ್ಕನೇದು. ಒಳಮುಖಿ, ಮಿತಭಾಷಿ,
ಎದುರು ನಿಲ್ಲುವುದು ಇವರ ಜಾಯಮಾನವಲ್ಲ.

ಇವರ ಜಾಯಮಾನವಲ್ಲ.
ಎಷ್ಟು ಮೆತ್ತಗಿತ್ತು ಆ ಮಾತು, ಹೊಸಾ ಹತ್ತಿ ದಿಂಬಿನಂಗ.
ಹದಿನೈದು ರೂಪಾಯಿ ಕೊಟ್ಟು ಲ್ಯಾಮಿನೇಷನ್ ಮಾಡಿಸಿದೆ.
ಹುಟ್ಟುಗುಣ ಸುಟ್ಟರೂ ಹೋಗದು ಅಂತಿದ್ದಳು ಅವ್ವ,
ಅದನ್ನೇ ಇವರು ಬಣ್ಣದಾಗ ಅಚ್ಚು ಹಾಕಿ
ಕೆಳಗ ಸಹಿ ಮಾಡಿ ಕೊಟ್ಟಿದ್ದರು.

ಯಾಕಂದರ ಮೂರು ವರ್ಷದ ಹಿಂದ
ಹಿತ್ತಾಳಿ ಗುಂಡಿಯ ಡಬ್ಬಿ ಎರಡು ಕಾಣಿಯಾಗಿದ್ದವು.
ಮಾಲೀಕನ ಅಳಿಯ ಹಿಂದಿನ ಬಾಗಿಲಿಗೆ ಸ್ಕೂಟರ್ ತಂದು
ಕಾಲಿಡೋ ಜಾಗದಾಗ ಇಟಗೊಂಡು ಹೋದದ್ದು
ನಾ ಕಂಡಿದ್ದೆ.
ಹೆಸರು ಬಂದದ್ದು ಗಾದಿಲಿಂಗನ ಮ್ಯಾಲೆ.
ಹಾಲಿನ ನಡುವ ನಿಲ್ಲಿಸಿ ಕಿಸೆ ಹೊರಗೆಳೆದರು:
ಅರ್ಧ ಬೀಡಿ, ಮಗಳ ಹೇರ್‌ಪಿನ್ನು, ಬಸ್ಸಿನ ಚೀಟಿ.
ನಾನು ಒಂದು ಪ್ಯಾಂಟಿನ ಎಡಗಾಲು ಹೊಲೀತಿದ್ದೆ.
ಹಂಗಂತ ನನ್ನ ನೆನಪು.

ಹಾಳಿ ಓದಿಸಿಕೊಂಡು ಸುಂಕಮ್ಮ ಕೇಳಿದಳು,
ಅಕ್ಕಿ ಆರಿಸ್ತಿದ್ದಳು, ತಲಿ ಎತ್ತಲಿಲ್ಲ:
“ಹಂಗಾದರ ಮೊನ್ನೆ ಗ್ಯಾಸಿನವ ಮೂವತ್ತು ರೂಪಾಯಿ ಜಾಸ್ತಿ ಕೇಳಿದಾಗ
ಓಣಿ ತುಂಬ ಒದರಿದವ
ಎಷ್ಟನೇ ನಮೂನಿ?”

ಆ ರಾತ್ರಿ ನಿದ್ದಿ ಹತ್ತಲಿಲ್ಲ.
ಸಣ್ಣಾವಿದ್ದಾಗ ಬೀಗರು ಬಂದರ
ಕಾಳಿನ ಗುಮ್ಮಿ ಹಿಂದ ಅಡಗತಿದ್ದೆ, ಅದು ಖರೇನ.
ಆದರ ಗುಮ್ಮಿ ಹಿಂದಿನ ಆ ಹುಡುಗನಿಂದ
ಯಾರ ಕೆಲಸಾನೂ ಹೋಗಿರಲಿಲ್ಲ.
ಬೆಳಕಿಗೆ ಬೆರಳು ಹಿಡಿದೆ. ಉಗುರಿನ ಸಂದಿನಾಗ ನೀಲಿ.
ತೊಟ್ಟಿಲಿನಾಗ ಇರಲಿಲ್ಲ ಇದು,
ದಿನಾ ಹತ್ತು ತಾಸಿನಂಗ ಹದಿನೇಳು ವರ್ಷ ಬಟ್ಟಿ ಮುಟ್ಟಿ ಮುಟ್ಟಿ ಇಳಿದದ್ದು.
ಈಗ ಸುಣ್ಣ ಹಚ್ಚಿ ತಿಕ್ಕಿದರೂ ಹೋಗೋದಿಲ್ಲ, ಬ್ಯಾರೆ ಮಾತು.
ಹೋಗೋದಿಲ್ಲ ಅಂದ ಮಾತ್ರಕ್ಕ
ಹುಟ್ಟಿನದು ಅನ್ನಲಿಕ್ಕೆ ಬರತೈತೇನು?

ಆಯಿತವಾರ ಬಂಡಿಹಟ್ಟಿ ರಸ್ತೆಗೆ ಹೋದೆ.
ಗಾದಿಲಿಂಗ ಈಗ ಒಗ್ಗರಣಿ ಮಿರ್ಚಿ ಬಂಡಿ ಇಟ್ಟಾನ.
ಹಸಿವಿರಲಿಲ್ಲ, ಎರಡು ಪ್ಲೇಟು ತಿಂದೆ.
ಮೂರನೇದಕ್ಕ ಕೈಯೊಡ್ಡಿ, “ಆ ಗುಂಡಿ ಡಬ್ಬಿ...” ಅಂದೆ.

“ಗೊತ್ತು,” ಅಂದ, ಎಣ್ಣಿಯಾಗ ಝಾರಿ ಆಡಿಸ್ತಾ.
“ಅವತ್ತು ಎಲ್ಲಾರ ಮಷೀನೂ ಓಡತಿದ್ದವು, ನಿಂದೊಂದು ನಿಂತಿತ್ತು.
ಇವ ಕಂಡಾನ ಅಂತ ಆಗಲೇ ತಿಳೀತು.
ಈಗ ಮಾತಾಡತಾನ, ಈಗ ಮಾತಾಡತಾನ ಅಂತ
ಗೇಟಿನ ತನಕ ಸಾವಕಾಶ ನಡದೆ.”

ತಪ್ಪಾತು ಅನ್ನೋದು ನಾಲಿಗಿಗೆ ಬಂದಿತ್ತು, ಖಾರದ ಜೊತಿಗೆ.
“ನನಗ ಹೇಳಬ್ಯಾಡೋ. ನನಗ ಗೊತ್ತೈತಿ.
ಗೊತ್ತಿಲ್ಲದವರಿಗೆ ಹೇಳು.”
ಚಿಲ್ಲರೆ ಎಣಿಸಿ ಅಂಗೈಯಾಗ ಇಟ್ಟ, ಐದು ರೂಪಾಯಿ,
ಒಂದು ಪೈಸಾ ಬಿಡಲಿಲ್ಲ.

ಇವತ್ತು ಸೋಮವಾರ.
ಅಳಿಯ ಈಗ ಮ್ಯಾನೇಜರು,
ಬೆನ್ನ ಹಿಂದ ಕೈ ಕಟ್ಟಿ ಸಾಲು ಸಾಲು ತಿರುಗತಾನ.
ಎದಿ ಹೊಡಕೊಳ್ಳಾಕತ್ತೈತಿ, ಬಾಯಿ ಒಣಗೈತಿ,
ನಾಲ್ಕನೇ ನಮೂನಿಯವರಿಗೆ ಹಂಗಾಗತೈತಂತ
ಹಾಳಿಯಾಗೂ ಬರದೈತಿ. ಇರಲಿ.

ಅರವತ್ತು ಮಷೀನು ಓಡಾಕತ್ಯಾವು.
ಪೆಡಲಿನ ಮ್ಯಾಲಿಂದ ಕಾಲು ತಗದೆ.
ಪಕ್ಕದ ಶಮೀಮಾ ತಿರುಗಿ ನೋಡಿದಳು.